ಕಬ್ಬಿ ಹೊರಟ ಬೆಳೆ

ನಮ್ಮ ಅಪ್ಪ ಬೀರಯ್ಯನಿಗೆ ತನ್ನ ಮದುವೆ ಯಾವ ವರ್ಷ ಆಯಿತೆಂದು ಗೊತ್ತಿಲ್ಲ. ನಾನು ಹುಟ್ಟಿದ್ದು ಯಾವಾಗ ಎಂದರೆ ರೇಷನ್ ಕಾರ್ಡು ಹುಡುಕುತ್ತಾನೆ. ಆದರೆ ರೇಷ್ಮೆಯ ಮರಿ ಸಾಕಿ ಕೊಡುವ ಚಾಕಿ ಸೆಂಟರಿನಿಂದ ಮರಿಹುಳ ಮನೆಗೆ ಬಂದ ದಿನವೊಂದನ್ನು ಹೇಳಿ ಸಾಕು, ಅವು ಯಾವತ್ತು ಮೇವು ಬಿಟ್ಟು ಜ್ವರಕ್ಕೆ ಕೂರುತ್ತವೆ, ಯಾವತ್ತು ಪೊರೆ ಕಳಚಿ ಏಳುತ್ತವೆ, ಯಾವತ್ತು ಹಣ್ಣಾಗಿ ಗೂಡು ಕಟ್ಟಲು ತಲೆ ಎತ್ತುತ್ತವೆ ಎಂಬುದನ್ನೆಲ್ಲ ಬೆರಳು ಮಡಿಸದೆ ಹೇಳುತ್ತಾನೆ. ಮೂವತ್ತು ವರ್ಷದಲ್ಲಿ ಒಂದು ದಿನ ಆಚೀಚೆ ಆಗಿದ್ದಿಲ್ಲ. ಅಂಥವನು, ನನ್ನ ತಂಗಿ ಮಿಲಿಟರಿ ಟ್ರೇನಿಂಗಿಗೆ ರೈಲು ಹತ್ತಬೇಕಾದ ಶನಿವಾರಕ್ಕೆ ಸರಿಯಾಗಿ ಹಣ್ಣಾಗುವ ಹಾಗೆ ಹುಳ ತಂದು ಇಳಿಸಿದರೆ ಯಾರಿಗೆ ತಾನೆ ಸಿಟ್ಟು ಬರುವುದಿಲ್ಲ.

"ಬೇಕಂತ್ಲೇ ಮಾಡಿದ್ದೀಯ," ಅಂದೆ.

"ಏನ್ಲಾ ಮಾಡಿದ್ದು?"

"ಶನಿವಾರ ಕಬ್ಬಿ ಹೊರಡ್ಬೇಕು. ಶನಿವಾರವೇ ಹಣ್ಣು."

"ಹುಳಕ್ಕೇನು ರೈಲಿನ ಟೈಮು ಗೊತ್ತಾ," ಎಂದ ಅಪ್ಪ, ಮರಿಹುಳದ ಮೇಲೆ ಸೊಪ್ಪು ಉದುರಿಸುತ್ತ. "ಗೂಡಿಗೆ ಇಂಥ ರೇಟು ನಮ್ಮಪ್ಪನ ಕಾಲದಲ್ಲೂ ಬಂದಿರ್ಲಿಲ್ಲ. ಹುಳದ ಮನೆ ಖಾಲಿ ಬುಟ್ಕೊಂಡು ಕೂರ್ಲಾ?"

ಹಿಂದಿನಿಂದ ಅವ್ವ, "ಮೂಗು ನೋಡು ಅವನ್ದು, ಕೆಂಡ ಆಗೈತೆ. ಇವನ್ನೇ ಹುಳದ ಮನೇಲಿ ಕೂರುಸ್ಬುಟ್ರೆ ಈ ಚಳೀಲಿ ಒಲೆ ಖರ್ಚು ಉಳೀತದೆ," ಅಂದಳು. ನಮ್ಮ ಮನೆಯಲ್ಲಿ ನನ್ನ ಸಿಟ್ಟಿಗೆ ಸಿಗುವ ಮರ್ಯಾದೆ ಇಷ್ಟೇ.

ಸಿಟ್ಟಿಗೆ ಕಾರಣವಿತ್ತು. ನಮ್ಮದು ಕಬ್ಬಾಳು ಬೆಟ್ಟದ ಕೆಳಗಿನ ಊರು. ಒಂದೂವರೆ ಎಕರೆ ಹಿಪ್ಪುನೇರಳೆ, ನಾಲ್ಕು ಕುರಿ, ಶೀಟು ಹೊದಿಸಿದ ಒಂದು ಹುಳದ ಮನೆ. ಈ ಹುಳದ ಮನೆಗೆ ಒಂದು ಕಟ್ಟುಪಾಡು ಇದೆ: ನಾಲ್ಕನೇ ಜ್ವರ ಎದ್ದ ಮೇಲೆ ಹುಳವೆಲ್ಲ ಗೂಡು ಕಟ್ಟಲು ಚಂದ್ರಿಕೆಗೆ, ಅಂದರೆ ಬಿದಿರಿನ ಸುರುಳಿ ಕಟ್ಟಿದ ತಟ್ಟಿಗೆ, ಹತ್ತುವ ತನಕ ಮನೆಯವರು ಯಾರೂ ಹೊರಗೂರಲ್ಲಿ ಉಳಿಯುವಂತಿಲ್ಲ. ಹಣ್ಣಾದ ಹುಳ ಯಾರಿಗೂ ಕಾಯುವುದಿಲ್ಲ, ಆರಿಸಿ ಚಂದ್ರಿಕೆಗೆ ಬಿಡಲು ಇದ್ದಬದ್ದ ಕೈಯೆಲ್ಲ ಬೇಕು. ಅವ್ವ ತನ್ನ ಸ್ವಂತ ತಮ್ಮನ ಮದುವೆಗೆ ಹೋಗಿಲ್ಲ. ಆ ಮಾವ ಇವತ್ತಿಗೂ ನಮ್ಮ ಮನೆಗೆ ಬಂದರೆ ಊಟಕ್ಕೆ ಮುಂಚೆ ಒಮ್ಮೆ, ಊಟ ಆದ ಮೇಲೆ ಒಮ್ಮೆ ಅದನ್ನು ಹೇಳುತ್ತಾನೆ.

ಇನ್ನು ಮೊದಲ ಹಣ್ಣುಹುಳವನ್ನು ಚಂದ್ರಿಕೆಗೆ ಬಿಡುವುದು ನನ್ನ ತಂಗಿಯೇ. ಅವಳಿಗೆ ಐದು ವರ್ಷವಾದಾಗಿನಿಂದ ಹಾಗೆಯೇ ನಡೆದು ಬಂದಿದೆ. ಹೆಸರು ಕಬ್ಬಾಳಮ್ಮ, ಬೆಟ್ಟದ ದೇವರದು. ಕರೆಯುವುದು ಕಬ್ಬಿ. ಹುಳ ಹಣ್ಣಾಗಿದೆಯೋ ಇಲ್ಲವೋ ಎಂದು ನಾವೆಲ್ಲ ಬೆಳಕಿಗೆ ಹಿಡಿದು ನೋಡಿದರೆ ಅವಳು ಬೆರಳಲ್ಲಿ ಮುಟ್ಟಿಯೇ ಹೇಳುತ್ತಾಳೆ.

ಗಡಿ ಭದ್ರತಾ ಪಡೆಗೆ ಸೇರುವ ಆಸೆ ಮೊದಲು ಇದ್ದದ್ದು ನನಗೆ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದೆ. ಅರ್ಜಿಯಲ್ಲಿ ಹತ್ತನೇ ಕ್ಲಾಸು ಪಾಸು ಎಂಬ ಒಂದು ಸಾಲು ಇತ್ತು. ಅಷ್ಟೇ, ಮುಗಿಯಿತು. ಅದರ ಮೇಲಿನ ಸಿಟ್ಟಿಗೆ ನಾನು ಕಬ್ಬಿಯನ್ನು ಓಡಿಸಲು ಶುರು ಮಾಡಿದೆ. ಸಾತನೂರು ರಸ್ತೆಯಲ್ಲಿ ಅವಳು ಮುಂದೆ, ನಾನು ಹಿಂದೆ ಟಿವಿಎಸ್ಸಿನಲ್ಲಿ ಹಾರನ್ನು ಹೊಡೆಯುತ್ತ. ಊರವರು, "ಯಾಕ್ಲಾ ಲಕ್ಕ, ತಂಗೀನ ಗಾಡಿ ಹತ್ತುಸ್ಕೊಳ್ಳಾಕೂ ಜಿಪುಣತನವಾ," ಎಂದು ಕೇಳಿ ಕೇಳಿ ಸುಸ್ತಾದರು. ಅವಳು ಓಡಿದಳು, ಬರೆದಳು, ಪಾಸಾದಳು. ಪಂಜಾಬಿನಲ್ಲಿ ಟ್ರೇನಿಂಗು, ನಲವತ್ತನಾಲ್ಕು ವಾರ. ಮಂಗಳವಾರ ಹತ್ತು ಗಂಟೆಯೊಳಗೆ ಹಾಜರಾಗಬೇಕು, ತಡವಾದರೆ ಒಳಗೆ ಬಿಡುವುದಿಲ್ಲ ಎಂದು ಪತ್ರದಲ್ಲಿ ದಪ್ಪ ಅಕ್ಷರದಲ್ಲಿತ್ತು. ಶನಿವಾರದ ರೈಲು ತಪ್ಪಿದರೆ ಎಲ್ಲ ತಪ್ಪಿದ ಹಾಗೆ.

ಅಪ್ಪ ಮೇಲೆ ಮೇಲೆ ಮಾತ್ರ ಭಾರಿ ಉತ್ಸಾಹ ತೋರಿಸಿದ. ಕ್ಯಾಂಪಿನಲ್ಲಿ ಐದು ಗಂಟೆಗೆ ಎಬ್ಬಿಸುತ್ತಾರಂತೆ ಎಂದು ಕೇಳಿ ತಾನೇ ಉಸ್ತಾದನಾದ. ಬೆಳಿಗ್ಗೆ ಐದಕ್ಕೆ ಸ್ಟೀಲ್ ತಟ್ಟೆ ಬಡಿದು ಕಬ್ಬಿಯನ್ನು ಎಬ್ಬಿಸುವುದು, ಸೊಪ್ಪಿನ ಹೊರೆ ಹೊರಿಸಿ ತೋಟದ ಸುತ್ತ ಮೂರು ಸುತ್ತು ಓಡಿಸುವುದು, ತಾನು ಕಂಬಳಿ ಹೊದ್ದು ಬದುವಿನ ಮೇಲೆ ಕೂತು ಮೊಬೈಲಿನಲ್ಲಿ ಟೈಮು ನೋಡುವುದು.

"ಅಪ್ಪ, ಅಲ್ಲಿ ಬಂದೂಕ ಕೊಡ್ತಾರೆ, ಹಿಪ್ಪುನೇರಳೆ ಕಡ್ಡಿ ಅಲ್ಲ," ಎನ್ನುತ್ತಿದ್ದಳು ಕಬ್ಬಿ, ಏದುಸಿರಿನಲ್ಲಿ.

"ಭಾರ ಭಾರನೇ ಕಣವ್ವ. ಒಂದೇ ಕಲ್ಲಿಗೆ ಎರಡು ಹಕ್ಕಿ, ಹುಳಕ್ಕೆ ಸೊಪ್ಪೂ ಬಂತು."

ಅವ್ವ ದಾಸಮ್ಮನ ತಯಾರಿ ಬೇರೆ ದಾರಿಯದು. ಹುಚ್ಚೆಳ್ಳು ಪುಡಿ, ನಿಪ್ಪಟ್ಟು, ಎರಡು ಸೇರು ರಾಗಿ ಹಿಟ್ಟು. ಹಿಟ್ಟು ಯಾಕೆ ಎಂದರೆ, "ಆ ಗೋಧಿ ರೊಟ್ಟಿ ತಿಂದು ಗಂಟಲು ಕಟ್ದಾಗ ಒಂದು ಮುದ್ದೆ ತಿರುವ್ಕೊಳ್ಳಿ," ಅಂದಳು. ಪರೇಡಿನ ನಡುವೆ ಒಲೆ ಹೂಡಿ ಮುದ್ದೆ ತಿರುವುವ ಸಿಪಾಯಿಯನ್ನು ನೆನೆದು ಕಬ್ಬಿ ನಕ್ಕು ನಕ್ಕು ಕೆಮ್ಮಿದಳು. ಹಿಂದಿ ಕಲಿಸಲು ಅವ್ವ ಹಿಡಿದದ್ದು ರಾಮನಗರದ ಮಜೀದಮ್ಮನನ್ನು. ಅವರ ಯಜಮಾನರು ಖಲಂದರ್ ಸಾಬರು ನೂಲು ಬಿಚ್ಚುವ ಕಾರ್ಖಾನೆಯವರು, ವರ್ಷಗಟ್ಟಲೆಯಿಂದ ಗೂಡು ಮಾರ್ಕೆಟ್ಟಿನಲ್ಲಿ ನಮ್ಮ ಗೂಡಿಗೆ ಬಿಡ್ ಹಾಕುವವರು. ಮಜೀದಮ್ಮ ದಿನಾ ಫೋನಿನಲ್ಲಿ ಅರ್ಧ ಗಂಟೆ ಪಾಠ ಮಾಡಿದರು. ಕಬ್ಬಿ ಕಲಿತದ್ದು ಪಕ್ಕಾ ರಾಮನಗರದ ಉರ್ದು. ಯಾವುದನ್ನು ಕೊಟ್ಟರೂ ಬೇಡ ಎನ್ನಲು 'ನಕ್ಕೋ', ಏನು ಕೇಳಿದರೂ ಹೌದು ಎನ್ನಲು 'ಹೌ'.

ಅಪ್ಪ ಚನ್ನಪಟ್ಟಣದಿಂದ ಕಪ್ಪು ಟ್ರಂಕು ತಂದ. ತಂದವನು, ಹುಳದ ಹಾಸಿಗೆಗೆ ರೋಗ ಬಾರದಿರಲೆಂದು ಉದುರಿಸುವ ಬಿಳಿ ಪುಡಿಯನ್ನು ಒಳಗೆಲ್ಲ ಸವರಿಬಿಟ್ಟ.

"ಇದ್ಯಾಕೆ?" ಅಂದೆ.

"ಎಲ್ಲೆಲ್ಲಿಂದಲೋ ಜನ ಬರೋ ಜಾಗ ಕಣ್ಲಾ. ಒಸಿ ಇರ್ಲಿ."

ಇಷ್ಟೆಲ್ಲ ಮಾಡುತ್ತ ಅಪ್ಪ ಶನಿವಾರದ ಮಾತು ಮಾತ್ರ ಎತ್ತಲಿಲ್ಲ. ನನಗೆ ಅರ್ಥವಾಯಿತು. ಹೋಗಬೇಡ ಎಂದು ಬಾಯಿಬಿಟ್ಟು ಹೇಳುವುದಿಲ್ಲ, ಹುಳದ ಕೈಲಿ ಹೇಳಿಸುತ್ತಾನೆ. ಹುಳ ತಲೆ ಎತ್ತಿ ನಿಂತಾಗ ಕಬ್ಬಿ ತಾನಾಗಿ ಕಾಲೆತ್ತಲಾರಳು, ಅದು ಅವನ ಲೆಕ್ಕ.

ಹುಳದ ಲೆಕ್ಕ ನನಗೂ ಗೊತ್ತು. ಕಾವು ಹೆಚ್ಚಾದರೆ ಹುಳ ಬೇಗ ತಿಂದು ಬೇಗ ಹಣ್ಣಾಗುತ್ತದೆ, ತಣ್ಣಗಾದರೆ ತಡವಾಗುತ್ತದೆ. ನಾಲ್ಕನೇ ಜ್ವರ ಎದ್ದ ದಿನದಿಂದ ನಾನು ಇದ್ದಿಲ ಒಲೆಗೆ ದಿನಕ್ಕೆರಡು ಬಾರಿ ಯಾರಿಗೂ ಹೇಳದೆ ಹೆಚ್ಚಿಗೆ ಇದ್ದಿಲು ಸುರಿಯತೊಡಗಿದೆ. ಗೋಡೆಯ ಥರ್ಮಾಮೀಟರು ಇಪ್ಪತ್ತೆಂಟಕ್ಕೆ ಏರಿತು. ಗುರುವಾರವೇ ಹಣ್ಣು ಮಾಡಿಸಿ, ಶುಕ್ರವಾರ ಚಂದ್ರಿಕೆಗೆ ಬಿಟ್ಟು, ಶನಿವಾರ ಅಪ್ಪನ ಮುಖ ನೋಡಬೇಕೆಂದು ನನ್ನ ಯೋಜನೆ. ಮರುದಿನ ಬೆಳಿಗ್ಗೆ ನೋಡಿದರೆ ಇಪ್ಪತ್ತೊಂದು. ಕಿಟಕಿ ತೆರೆದಿದೆ, ಅದಕ್ಕೆ ನೆನೆದ ಗೋಣಿ ಇಳಿಬಿಟ್ಟಿದೆ. ಕಿಟಕಿ ಮುಚ್ಚಿ ಮತ್ತೆ ಇದ್ದಿಲು ಸುರಿದೆ. ಮಧ್ಯಾಹ್ನಕ್ಕೆ ಮತ್ತೆ ಗೋಣಿ. ಹೀಗೆ ನಾಲ್ಕು ದಿನ. ಊಟಕ್ಕೆ ಕೂತಾಗ ಅಪ್ಪನನ್ನು ದುರುಗುಟ್ಟಿ ನೋಡುತ್ತಿದ್ದೆ. ಅಪ್ಪ ಮುದ್ದೆ ಮುರಿಯುತ್ತ, "ಉಪ್ಪು ಬೇಕೇನ್ಲಾ?" ಎನ್ನುತ್ತಿದ್ದ.

ಬುಧವಾರ ಬೆಳಿಗ್ಗೆ ಏಳು ಗಂಟೆಗೆ ಹಿಡಿದೇಬಿಡೋಣ ಎಂದು ತೀರ್ಮಾನಿಸಿದೆ. ಅಪ್ಪ ಕುರಿ ಬಿಡಲು ಹೋಗುವ ಹೊತ್ತು ಅದು. ಹೋದ ಹಾಗೆ ಮಾಡಿ ಹಿಂದಿನಿಂದ ಬಂದು ಕಿಟಕಿ ತೆರೆಯುತ್ತಾನೆ ಎಂದು ನನ್ನ ಅನುಮಾನ. ಸೊಪ್ಪು ಕೊಯ್ಯಲು ಹೊರಟವನು ಅರ್ಧ ದಾರಿಯಿಂದ ತಿರುಗಿ, ಹುಳದ ಮನೆಯ ಬಾಗಿಲಲ್ಲಿ ನಿಂತೆ. ಹೊರಗೆ ಮಂಜು. ಒಳಗೆ ಹುಳ ಮೇಯುವ ಸದ್ದು, ಪಕ್ಕದ ಕೋಣೆಯಲ್ಲಿ ಯಾರೋ ಕೂತು ಕಾಗದ ಹರಿಯುತ್ತಿರುವ ಹಾಗೆ.

ಕಿಟಕಿಯ ಹತ್ತಿರ ನಿಂತು ಗೋಣಿ ಹಿಂಡುತ್ತಿದ್ದವಳು ಕಬ್ಬಿ.

"ಏನಮ್ಮಿ ಮಾಡ್ತಾ ಇದ್ದೀಯ?"

ಅವಳು ಬೆಚ್ಚಲೂ ಇಲ್ಲ. "ಕಾಣಾಕಿಲ್ವಾ. ಗೋಣಿ ಕಟ್ತಾ ಇವ್ನಿ."

"ಅಪ್ಪ ಹೇಳಿದ್ನಾ?"

"ಅಪ್ಪ ಯಾಕೆ ಹೇಳ್ತಾನೆ. ಒಲೆಗೆ ಮಂಕರಿಗಟ್ಲೆ ಇದ್ದಿಲು ಸುರೀತಾ ಇರೋದು ಯಾರು, ಅವ್ವನಾ?"

"ನಾನು. ಗುರುವಾರ ಹಣ್ಣಾದ್ರೆ ಶನಿವಾರ ನೀನು ನೆಮ್ಮದಿಯಾಗಿ ಹೋಗ್ಬೌದು ಅಂತ."

"ಸೋಮವಾರ ಹಣ್ಣಾದ್ರೆ ನಾನು ಹೋಗೋ ಮಾತೇ ಇರಾಕಿಲ್ಲ ಅಂತ," ಎಂದಳು ಕಬ್ಬಿ.

ಎರಡು ವರ್ಷ ಹಾರನ್ನು ಹೊಡೆದದ್ದು, ಊರವರ ಹತ್ತಿರ ಜಿಪುಣ ಎನ್ನಿಸಿಕೊಂಡದ್ದು ಎಲ್ಲ ಒಟ್ಟಿಗೆ ನೆನಪಾಯಿತು. "ನಿಂಗೆ ಹೋಗಕ್ಕೆ ಇಷ್ಟ ಇಲ್ಲದಿದ್ರೆ ಮೊದ್ಲೇ ಬೊಗಳಕ್ಕೇನಾಗಿತ್ತು? ನನ್ನ ಪೆಟ್ರೋಲಾದ್ರೂ ಉಳೀತಿತ್ತು."

"ಇಷ್ಟ ಐತೆ. ಅರ್ಧ ನಿನ್ ಆಸೆ, ಅರ್ಧ ನಂದು."

"ಮತ್ತೆ ಓಡಕ್ಕೆ ಭಯವಾ?"

"ನಿನ್ನ ಹಾರನ್ನಿಗೆ ಓಡಿದ್ದೀನಿ, ಇನ್ಯಾವ ಭಯ." ಗೋಣಿಯ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಬೆಳಿಗ್ಗೆ ಎದ್ರೆ ಈ ಸದ್ದಿರಾಕಿಲ್ಲ. ಅವ್ವ ತಲೆ ಬಾಚಾಕಿಲ್ಲ. ನೀನು ಬೈಯಾಕಿಲ್ಲ. ಅವರು ಹಿಂದೀಲಿ ಬೈದ್ರೆ ನಂಗೆ ತಿರುಗಿ ಬೈಯಕ್ಕೂ ಬರಾಕಿಲ್ವಲ್ಲಣ್ಣ."

ಹಿಂದಿನಿಂದ ಅಪ್ಪನ ದನಿ ಬಂತು.

"ಕಿಟಕಿ ಹಾಕವ್ವ. ಹುಳಕ್ಕೆ ಶೀತ ಆಯ್ತದೆ."

ಬಾಗಿಲಲ್ಲಿ ಅಪ್ಪ ನಿಂತಿದ್ದ, ಮರೆತ ಕೋಲು ತೆಗೆದುಕೊಳ್ಳಲು ಬಂದವನು. ಅವನ ಹಿಂದೆ ಅವ್ವ, ಕಾಫಿ ಲೋಟ ಹಿಡಿದು.

"ನಾಕು ದಿನದಿಂದ ನೋಡ್ತಾ ಇವ್ನಿ," ಅಂದ ಅಪ್ಪ. "ಒಬ್ಬ ಕಾಯ್ಸದು, ಒಬ್ಬಳು ಆರ್ಸದು. ಪಾಪ, ಹುಳಗಳು ಕಂಬಳಿ ಹೊದೀಬೇಕೋ ಬೀಸಣಿಗೆ ಬೀಸ್ಕೋಬೇಕೋ ಗೊತ್ತಾಗ್ದೆ ಕುಂತವೆ."

"ಗೊತ್ತಿದ್ದೂ ಸುಮ್ನಿದ್ದೆಯಾ?" ಅಂದೆ.

"ಯಾರು ಗೆಲ್ತೀರ ನೋಡಾನ ಅಂತ."

"ಮೊದ್ಲು ನೀನು ಹೇಳು. ಶನಿವಾರಕ್ಕೇ ಹಣ್ಣಾಗೋ ಅಂಗೆ ಯಾಕೆ ಚಾಕಿ ತಂದೆ? ಇವಳ್ನ ನಿಲ್ಲಿಸಕ್ಕೆ ತಾನೆ?"

ಅಪ್ಪ ಒಳಗೆ ಬಂದು ಒಂದು ಹುಳವನ್ನು ಅಂಗೈ ಮೇಲೆ ಇಟ್ಟುಕೊಂಡ. ಅದು ಅವನ ಹೆಬ್ಬೆರಳಿನ ಕಡೆಗೆ ಹೊರಟಿತು.

"ನಿಲ್ಲಿಸಕ್ಕೆ ಅಲ್ಲ ಕಣ್ಲಾ. ಹಣ್ಣಾಯ್ತು ಅಂದ್ರೆ ಎರಡು ಮೂರು ದಿನ ತಲೆ ಕೆರ್ಕೊಳ್ಳಾಕೂ ಬಿಡುವಿರಾಕಿಲ್ಲ. ಅವಳು ಹೋದ ದಿನವೇ ಹಣ್ಣಾದ್ರೆ ಒಳ್ಳೇದು ಅಂತ. ನಿಮ್ಮವ್ವ ಅಳಕ್ಕೆ ಕುಂತ್ರೆ ಹುಳ ಕಾಯ್ತವಾ?"

"ನಾನಾ ಅಳೋಳು?" ಅಂದಳು ಅವ್ವ. "ಸೆಲೆಕ್ಟಾದ ಪತ್ರ ಬಂದ ದಿನ ಕುರಿ ಕೊಟ್ಟಿಗೇಲಿ ಕುಂತಿದ್ದೋರು ಯಾರು ಅಂತ ಕೇಳು. ಕುರೀಗೆ ಕಣ್ಣು ಬೇನೆ, ಔಷಧಿ ಹಾಕ್ತಿದ್ದೆ ಅಂದ್ರು. ಕಣ್ಣು ಕೆಂಪಗಿದ್ದದ್ದು ಕುರೀದಲ್ಲ."

ಅಪ್ಪ ಅದನ್ನು ಕೇಳಿಸಿಕೊಳ್ಳದವನ ಹಾಗೆ ಹುಳವನ್ನು ಸೊಪ್ಪಿನ ಮೇಲೆ ಬಿಟ್ಟ.

"ಹಣ್ಣಿನ ಹೊತ್ತಲ್ಲಿ ಯಾರೂ ಊರು ಬುಟ್ಟು ಹೋಗಂಗಿಲ್ಲ ಅಂತ ನೀನೇ ಹೇಳೋದು," ಎಂದಳು ಕಬ್ಬಿ. ಅವಳ ಕೊನೆಯ ಗೋಣಿ ಅದು.

"ಅದು ನೆಂಟರ ಮದುವೆಗೆ ಮಗ. ನಿಮ್ಮ ಮಾವನ ಮದುವೆ ತಪ್ಪಿಸ್ಕೊಳ್ಳಾಕೆ ಅದನ್ನ ನಾನೇ ಶುರು ಮಾಡಿದ್ದು."

ಅವ್ವನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಆ ಮಾತಿನ ವಿಚಾರಣೆ ಮುಂದೆ ಎಷ್ಟೋ ದಿನ ನಡೆಯಿತು, ಅದು ಬೇರೆ ಕಥೆ.

"ಹೋಗಕ್ಕೆ ಮನಸೈತಾ ಇಲ್ವಾ, ಅದ್ನ ಹೇಳ್ಬುಡು," ಅಂದ ಅಪ್ಪ, ಈ ಸಲ ನಗದೆ. "ಇಲ್ಲ ಅಂದ್ರೆ ಯಾರೂ ಏನೂ ಅನ್ನಾಕಿಲ್ಲ. ಲಕ್ಕ ಒಬ್ಬ ಕೂಗಾಡ್ತಾನೆ, ಅವ್ನು ನೀನು ಹೋದ್ರೂ ಕೂಗಾಡ್ತಾನೆ, ಇದ್ರೂ ಕೂಗಾಡ್ತಾನೆ. ಆ ಟ್ರಂಕಿಗೆ ನಾನು ಹುಳದ ಸಾಮಾನು ತುಂಬ್ಕೋತೀನಿ."

ನಾನು ಬಾಯಿ ಹಾಕಿದರೆ ಅರ್ಧ ನನ್ನ ಆಸೆ ಮಾತಾಡುತ್ತದೆ ಎಂದು ಮೊದಲ ಬಾರಿ ಬಾಯಿ ಮುಚ್ಚಿಕೊಂಡಿದ್ದೆ. ಕಬ್ಬಿ ಗೋಣಿಯನ್ನು ಬಿಚ್ಚಿ ಬಕೆಟ್ಟಿಗೆ ಹಾಕಿದಳು. ಕಿಟಕಿಯ ಎರಡೂ ಬಾಗಿಲನ್ನು ಎಳೆದು ಅಗಳಿ ಹಾಕಿದಳು.

"ಟ್ರಂಕು ಮುಟ್ಬ್ಯಾಡ," ಅಂದಳು. "ಈಗ್ಲೇ ಅದರ ತುಂಬ ಪುಡಿ ಮಾಡಿದ್ದೀಯ."

ನಮ್ಮಿಬ್ಬರ ಯುದ್ಧದ ಫಲ ಶುಕ್ರವಾರ ಕಂಡಿತು. ಒಲೆಯ ಪಕ್ಕದ ಸ್ಟ್ಯಾಂಡಿನ ಹುಳ ಶುಕ್ರವಾರವೇ ಹಣ್ಣಾಯಿತು. ನಡುವಿನದು ಶನಿವಾರ. ಕಿಟಕಿ ಪಕ್ಕದವು ಇನ್ನೂ ಹಸಿರು ಹಸಿರಾಗಿ, ತಮಗೂ ಇದಕ್ಕೂ ಸಂಬಂಧವೇ ಇಲ್ಲವೆಂಬ ಹಾಗೆ ಮೇಯುತ್ತಿದ್ದವು. "ಒಂದೇ ಬೆಳೇಲಿ ಮೂರು ಬೆಳೆ ತೆಗೆದ ವಿಜ್ಞಾನಿಗಳು," ಎಂದ ಅಪ್ಪ. ಶುಕ್ರವಾರ ಬೆಳಿಗ್ಗೆ ಕಬ್ಬಿ ಮೊದಲ ಹಣ್ಣುಹುಳವನ್ನು ಬೆರಳಲ್ಲಿ ಮುಟ್ಟಿ, ಎತ್ತಿ, ಚಂದ್ರಿಕೆಯ ಸುರುಳಿಯಲ್ಲಿ ಬಿಟ್ಟಳು. ಅದು ತಲೆಯನ್ನು ಆಚೆ ಈಚೆ ತೂಗಿ ಮೊದಲ ಎಳೆ ಅಂಟಿಸುವ ತನಕ ನಾಲ್ವರೂ ನಿಂತು ನೋಡಿದೆವು. ಪ್ರತಿ ಬೆಳೆಗೂ ಹಾಗೆ ನಿಲ್ಲುವುದಿಲ್ಲ.

ಶನಿವಾರ ಹತ್ತು ಗಂಟೆಗೆ ಚನ್ನಪಟ್ಟಣದ ಬಸ್ಸು. ಒಂಬತ್ತೂವರೆಯವರೆಗೆ ಕಬ್ಬಿ ಹುಳ ಆರಿಸುತ್ತಲೇ ಇದ್ದಳು. ಅವ್ವ ಎಬ್ಬಿಸಿಕೊಂಡು ಹೋಗಿ ತಲೆ ಬಾಚಿದಳು. ಕ್ಯಾಂಪಿನಲ್ಲಿ ಕತ್ತರಿಸುತ್ತಾರೆಂದು ಗೊತ್ತಿದ್ದ ಜಡೆಯನ್ನು ಬಿಚ್ಚಿ ಹೆಣೆದು, ಸರಿಯಾಗಿಲ್ಲ ಎಂದು ಬಿಚ್ಚಿ, ಮತ್ತೆ ಹೆಣೆದಳು. ನಾನು ಟ್ರಂಕು ಹೊತ್ತು ನಿಂತು ಬಸ್ಸನ್ನು, ರಸ್ತೆಯನ್ನು, ಟ್ರಂಕು ಮಾಡಿದವನನ್ನು ಬೈದೆ.

ಅಪ್ಪ ಹುಳದ ಮನೆಯಿಂದ ಹೊರಗೆ ಬರಲಿಲ್ಲ. ಕಬ್ಬಿಯೇ ಒಳಗೆ ಹೋಗಿ ಕಾಲು ಮುಟ್ಟಿದಳು. ಅವನು ತಲೆ ಎತ್ತದೆ ಹುಳ ಆರಿಸುತ್ತ, "ಹೋಗ್ಬುಟ್ ಬಾರವ್ವ. ಕೈ ತೊಳ್ಕೊಂಡು ಹೋಗು, ಹುಳದ ವಾಸ್ನೆ ಐತೆ," ಅಂದ.

"ಇರ್ಲಿ ಬುಡು," ಅಂದಳು. ತೊಳೆಯಲಿಲ್ಲ.

ಬಸ್ ಸ್ಟಾಪಿನಲ್ಲಿ ನಾನೂ ಹತ್ತಲು ಹೋದರೆ ತಡೆದಳು. "ಗಡಿ ಕಾಯಕ್ಕೆ ಹೋಗೋಳ್ನ ಬೆಂಗಳೂರುಗಂಟ ಕೈ ಹಿಡ್ಕೊಂಡು ಬುಟ್ಟು ಬತ್ತೀಯ? ಹುಳ ಐತೆ, ಮನೆಗೆ ಹೋಗಣ್ಣ." ಕಂಡಕ್ಟರು ಟ್ರಂಕಿಗೆ ಟಿಕೆಟ್ ತೆಗೆದುಕೊಳ್ಳಬೇಕು ಅಂದ. ಅವನಿಗೆ ಕೊಡಬೇಕಾದ ಬೈಗುಳವನ್ನು ಪೂರ್ತಿ ಕೊಡುವಷ್ಟರಲ್ಲಿ ಬಸ್ಸು ಹೊರಟುಬಿಟ್ಟಿತ್ತು. ಹೀಗಾಗಿ ತಂಗಿಗೆ ಕೈ ಬೀಸುವುದು ನನಗೆ ತಪ್ಪಿಹೋಯಿತು. ಅವ್ವ ಮಾತ್ರ ಬಸ್ಸು ತಿರುವಿನಲ್ಲಿ ಮರೆಯಾದ ಮೇಲೂ ಕೈ ಇಳಿಸಿರಲಿಲ್ಲ. "ಕೈ ನೋಯ್ತದೆ ಇಳ್ಸವ್ವ," ಅಂದೆ. "ನಿನ್ನ ಮೂಗು ಒರ್ಸಪ್ಪ," ಅಂದಳು.

ಮಧ್ಯಾಹ್ನ ಕಬ್ಬಿ ರೈಲಿನಿಂದ ಫೋನು ಮಾಡಿದಳು. ಚನ್ನಪಟ್ಟಣದಲ್ಲಿ ಹತ್ತಿ ರಾಮನಗರ ಬರುವಷ್ಟರಲ್ಲಿ ಮಜೀದಮ್ಮ ಪ್ಲಾಟ್‌ಫಾರ್ಮಿನಲ್ಲಿ ಕುಷ್ಕದ ಡಬ್ಬಿ ಹಿಡಿದು ನಿಂತಿದ್ದರಂತೆ. ಕಿಟಕಿಯಲ್ಲಿ ಡಬ್ಬಿ ತುರುಕಿ, ಅಳುತ್ತ ಹಿಂದಿಯ ಕೊನೆಯ ಪಾಠವನ್ನೂ ಮಾಡಿದರಂತೆ.

ಹುಳದ ಮನೆಗೆ ಹೋದೆ. ಅಪ್ಪ ಎಡೆಬಿಡದೆ ಆರಿಸುತ್ತಿದ್ದ. ತುಂಬಿದ ಚಂದ್ರಿಕೆಯನ್ನು ಆಚೆ ಇಡಲು ಎತ್ತಿದವನು ನಿಂತೆ. ಹಣ್ಣುಹುಳಗಳ ನಡುವೆ ಅಲ್ಲಲ್ಲಿ ಕಾಯಿ ಹುಳ, ಹಚ್ಚ ಹಸಿರು, ಇನ್ನೂ ಎರಡು ದಿನ ಮೇಯಬೇಕಾದವು. ಪಕ್ಕದ ಚಂದ್ರಿಕೆಯಲ್ಲೂ ಹಾಗೆಯೇ. ಬುದ್ಧಿ ಬಂದಾಗಿನಿಂದ ಅಪ್ಪ ಕಾಯಿ ಹುಳ ಬಿಟ್ಟದ್ದನ್ನು ನಾನು ಕಂಡಿಲ್ಲ. ಅವನ ಬೆನ್ನ ಹಿಂದೆ ಕೂತು ಒಂದೊಂದಾಗಿ ಬಿಡಿಸಿ ಸೊಪ್ಪಿಗೆ ಹಾಕತೊಡಗಿದೆ.

"ಏನ್ಲಾ ಮಾಡ್ತಿದ್ದೀಯ?" ಅಂದ, ತಿರುಗದೆ.

"ಏನಿಲ್ಲ. ಒಸಿ ಜಾಗ ಮಾಡ್ತಿದ್ದೆ."

"ಹೂಂ," ಅಂದ.

ಅವತ್ತು ನನಗೆ ಯಾರ ಮೇಲೂ ಸಿಟ್ಟು ಬರಲಿಲ್ಲ. ಅವ್ವ ಹಣೆ ಮುಟ್ಟಿ ನೋಡಿದಳು.

ಎರಡು ವಾರ ಕಳೆದು ಒಂದು ಭಾನುವಾರ ಕ್ಯಾಂಪಿನಿಂದ ಫೋನು ಬಂತು. ಐದು ನಿಮಿಷ ಅಂತೆ. ಸ್ಪೀಕರು ಹಾಕಿ ಮೂವರೂ ಬಗ್ಗಿದೆವು. ಮೊದಲು ಕೇಳಿದ್ದೇ, "ಗೂಡು ಎಂಗೆ ಬಂತಪ್ಪ?"

"ನಿಮ್ಮ ದಯದಿಂದ ಒಂದು ದಪ್ಪ, ಒಂದು ಸಣ್ಣ," ಅಂದ ಅಪ್ಪ. "ಖಲಂದರ್ ಸಾಬರು ಇದೇನು ಗೂಡಾ, ಕಡ್ಲೆಕಾಯಿ ರಾಶಿನಾ ಅಂದ್ರು. ಆದ್ರೂ ಕಬ್ಬಾಳಮ್ಮ ಮಾಡಿದ್ದು ಅಂದಿದ್ದಕ್ಕೆ ತಕ್ಕೊಂಡ್ರು. ನೀನೆಂಗಿದ್ದೀಯ?"

ಕಬ್ಬಿ ಹೇಳಿದಳು. ಮೊದಲ ದಿನ ಟ್ರಂಕು ತೆರೆದಾಗ ಬಿಳಿ ಪುಡಿ ಹಾರಿ ಅಕ್ಕಪಕ್ಕದ ಹಾಸಿಗೆಯ ಹುಡುಗಿಯರೆಲ್ಲ ಸೀನಿದರಂತೆ. ಉಸ್ತಾದಮ್ಮ ಬಂದು ಇದೇನು ಎಂದರೆ ಇವಳು ಮಜೀದಮ್ಮನ ಹಿಂದಿಯಲ್ಲಿ ಹುಳದ ಔಷಧಿ ಎಂದಳಂತೆ. ತಲೆಯಲ್ಲಿ ಹೇನಿರಬೇಕು ಎಂದು ಎಲ್ಲರಿಗಿಂತ ಮೊದಲು ಇವಳ ಕೂದಲಿಗೇ ಕತ್ತರಿ ಬಿತ್ತಂತೆ. ಹಾಲು ಕೊಟ್ಟರೆ ನಕ್ಕೋ ಅಂದದ್ದಕ್ಕೆ ಈಗ ಅವಳ ಹೆಸರೇ ನಕ್ಕೋ ಆಗಿದೆಯಂತೆ.

"ಬೈದ್ರಾ?" ಎಂದು ಕೇಳಿದೆ.

"ದಿನಾ ಬೈತಾರ‍್ರಣ್ಣ. ನಿನ್ನಷ್ಟು ಚೆಂದಾಗಿ ಬರಾಕಿಲ್ಲ ಅವ್ರಿಗೆ."

ಫೋನು ಕಟ್ಟಾಯಿತು. ಅವ್ವ ಉಳಿದಿದ್ದ ಮಾತನ್ನು ಕಪ್ಪಾದ ಪರದೆಗೇ ಹೇಳಿದಳು.

"ನಲವತ್ನಾಲ್ಕು ವಾರ ಅಂದ್ರೆ ಎಷ್ಟಾಯ್ತದ್ಲಾ?" ಎಂದ ಅಪ್ಪ. ನಾನು ತಿಂಗಳು ಲೆಕ್ಕ ಹಾಕುತ್ತಿರುವಾಗಲೇ ಅವನೇ ಹೇಳಿದ. "ಹತ್ತು ಬೆಳೆ. ಹತ್ತನೇದು ಇಳಿಸೋ ಹೊತ್ಗೆ ಬತ್ತಾಳೆ. ಹಿಂದಿನ ವಾರ ತಂದದ್ದು ಒಂದನೇದು."

ಮರುದಿನ ಬೆಳಿಗ್ಗೆ ಸೊಪ್ಪಿಗೆ ಹೊರಡುವ ಮುಂಚೆ ಹುಳದ ಮನೆಗೆ ಹೋಗಿ, ಈ ಒಂದನೇದಾದರೂ ಬೇಗ ಹಣ್ಣಾಗಲಿ ಎಂದು ಉರಿಯುತ್ತಿದ್ದ ಒಲೆಗೆ ಇನ್ನೂ ಎರಡು ಹಿಡಿ ಇದ್ದಿಲು ಹಾಕಿದೆ. ತಿರುಗಿದರೆ ಅಪ್ಪ. ಗೋಡೆಯ ಥರ್ಮಾಮೀಟರಿಗೆ ಮುಖ ಹಚ್ಚಿ ನೋಡಿದ. ಇಪ್ಪತ್ತೇಳು.

"ಒಸಿ ಜಾಸ್ತಿ ಆಯ್ತು ಕಣ್ಲಾ," ಅಂದ.

ಅಂದವನು ಹೋಗಿ, ತೆರೆದಿದ್ದ ಒಂದು ಕಿಟಕಿಯನ್ನೂ ಮುಚ್ಚಿ ಬಂದ.